ಮೂರನೇ ಸುತ್ತಿಗೆ ಕಚ್ಚಿಕೊಂಡ ಫ್ರೀವೀಲ್

"ಏಯ್, ಒತ್ತಬೇಡ ಕಣೇ! ನಿಲ್ಲಿಸು!" ಸೈಕಲ್ ಶಾಪಿನ ಆಂಟಿ ಪಂಕ್ಚರ್ ಹಾಕುತ್ತಿದ್ದ ಟ್ಯೂಬ್ ಬಿಸಾಕಿ ಓಡಿ ಬಂದರು.

ಡೈಲಾಗ್ ರಾಣಿ ಕೈ ತೆಗೆದಳು. ಮಾತಿಗೊಂದು ಸಿನಿಮಾ ಡೈಲಾಗ್ ಹೊಡೆಯುವುದರಿಂದ ಐದನೇ ಕ್ಲಾಸಿನಲ್ಲಿ ಅವಳಿಗೆ ಇದೇ ಹೆಸರು. ಮಡಿಲಲ್ಲಿ ಅವಳ ಸೈಕಲ್ಲಿನ ಹಿಂದಿನ ಚಕ್ರ. ಚಕ್ರದ ನಡುವಿನ ಹಬ್‌ಗೆ ಏಳು ಹಲ್ಲುಚಕ್ರಗಳ ಗೇರ್ ಫ್ರೀವೀಲ್ ಸೊಟ್ಟಗೆ ಕಚ್ಚಿಕೊಂಡಿತ್ತು.

"ಇಷ್ಟೊತ್ತು ಬೆಣ್ಣೆ ತರ ಹೋಗ್ತಿತ್ತು ಆಂಟಿ. ಈಗ ವಿಲನ್ ತರ ಆಡ್ತಿದೆ. ಎದುರಿಗೆ ಯಾರಿದ್ದಾರೆ ಅಂತ ಗೊತ್ತಿಲ್ಲ ಇದಕ್ಕೆ!"

ಆಂಟಿ ನಗಲಿಲ್ಲ. ಫ್ರೀವೀಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಬಿಚ್ಚಿ, ಹಬ್ ಮೇಲಿನ ಸುರುಳಿ ಥ್ರೆಡ್ ಮೇಲೆ ಬೆರಳಾಡಿಸಿದರು. ಡೈಲಾಗ್ ರಾಣಿ ಬಗ್ಗಿ ಆ ಬೆರಳನ್ನೇ ನೋಡಿದಳು. ಥ್ರೆಡ್ ಹೋದರೆ ಸೈಕಲ್ಲೂ ಹೋದಂತೆಯೇ.

"ಬಚಾವ್! ಇನ್ನರ್ಧ ಸುತ್ತು ಒತ್ತಿ ತಿರುಗಿಸಿದ್ರೆ ದಿ ಎಂಡ್. ಎಲ್ಲಿಂದ ತಂದೆ ಇದನ್ನ?"

"ರಾಕೆಟ್ ಕೊಟ್ಟ. ಅವನ ಹಳೇದು."

ಅವಳ ಕ್ಲಾಸಿನ ರಾಕೆಟ್ ಮತ್ತು ಅವನ ಗ್ಯಾಂಗಿನದ್ದೆಲ್ಲ ಗೇರ್ ಸೈಕಲ್. ಸ್ಕೂಲ್ ಬಿಟ್ಟಾಗ ಇವಳೂ ಅವರೂ ಒಟ್ಟಿಗೇ ಹೊರಡುತ್ತಾರೆ. ಏರು ಬಂದದ್ದೇ ಅವರು ಸರ್ರನೆ ಹತ್ತಿಬಿಡುತ್ತಾರೆ. ಇವಳು ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ರಸ್ತೆ ಖಾಲಿ. ಅವರಿಗೆಂದು ತಂದ ಜೋಕು ಬಾಯಲ್ಲೇ ತಣ್ಣಗಾಗಿರುತ್ತದೆ.

"ಇದರ ಥ್ರೆಡ್ಡೇ ಬೇರೆ, ನಿನ್ನ ಹಬ್‌ದೇ ಬೇರೆ," ಎಂದರು ಆಂಟಿ. "ಕೂದಲೆಳೆ ವ್ಯತ್ಯಾಸ. ಎರಡು ಸುತ್ತು ಫ್ರೆಂಡ್ ತರ ಹೋಗುತ್ತೆ, ಮೂರನೇದಕ್ಕೆ ಕಚ್ಚಿಕೊಳ್ಳುತ್ತೆ. ನಿನ್ನ ಚೈನೂ ದಪ್ಪ, ಈ ಹಲ್ಲುಗಳ ಮಧ್ಯೆ ಕೂರಲ್ಲ."

"ಹಂಗಾದ್ರೆ ಯಾವುದು ಕೆಟ್ಟಿರೋದು?"

"ಯಾವುದೂ ಕೆಟ್ಟಿಲ್ಲ. ಅದೂ ಚೆನ್ನಾಗಿದೆ, ಇದೂ ಚೆನ್ನಾಗಿದೆ. ಒಂದಕ್ಕೊಂದು ಕೂರಲ್ಲ, ಅಷ್ಟೇ."

"ಒಂದೇ ಒಂದು ಸಲ ಜೋರಾಗಿ..."

"ಎರಡೂ ಹಾಳಾಗುತ್ತೆ ಪುಟ್ಟಿ."

ಡೈಲಾಗ್ ರಾಣಿ ಗೇರ್ ಫ್ರೀವೀಲನ್ನು ಒರೆಸಿ ಬ್ಯಾಗಿಗೆ ಹಾಕಿಕೊಂಡಳು.

ಆಂಟಿ ಅವಳ ಹಳೆಯ, ಒಂದೇ ಹಲ್ಲುಚಕ್ರದ ಫ್ರೀವೀಲಿಗೆ ಗ್ರೀಸ್ ಹಚ್ಚಿ ಕೊಟ್ಟರು. ಅವಳೇ ಬೆರಳಲ್ಲಿ ತಿರುಗಿಸಿದಳು. ಮೂರು, ನಾಲ್ಕು, ಐದು ಸುತ್ತು. ಸದ್ದಿಲ್ಲದೆ ಕೂತಿತು.

"ಟೈಟ್ ಮಾಡಲ್ವಾ ಆಂಟಿ?"

"ತುಳೀತಾ ತುಳೀತಾ ತಾನೇ ಟೈಟ್ ಆಗುತ್ತೆ."

ಮರುದಿನ ಸಂಜೆ ಸ್ಕೂಲ್ ಗೇಟಿನ ಹತ್ತಿರ ಗೇರ್ ಫ್ರೀವೀಲನ್ನು ರಾಕೆಟ್‌ಗೆ ವಾಪಸ್ ಕೊಟ್ಟಳು.

"ಕೂರಲ್ವಂತೆ ಕಣೋ."

"ಅಯ್ಯೋ! ಮತ್ತೆ ಏರು ಹೆಂಗೆ ಹತ್ತೀಯ?" ಅವನ ಮುಖ ನಿಜಕ್ಕೂ ಸಪ್ಪಗಾಯಿತು. "ಇವತ್ತು ಕಾಯ್ಲಾ?"

ಹಿಂದೆ ಗ್ಯಾಂಗ್ ಟ್ರಿಣ್ ಟ್ರಿಣ್ ಎಂದು ಬೆಲ್ ಹೊಡೆಯುತ್ತಿತ್ತು. ರಾಕೆಟ್‌ನ ಒಂದು ಕಾಲು ಆಗಲೇ ಪೆಡಲ್ ಮೇಲಿತ್ತು. ಅವಳು ಆ ಕಾಲನ್ನೇ ನೋಡಿದಳು. ಯಾಕೋ ಸಿಟ್ಟು ಬರಲಿಲ್ಲ.

"ಹೋಗ್ರೋ. ನಾಳೆ ಕ್ಲಾಸಲ್ಲಿ ಸಿಗ್ತೀನಿ."

ಸರ್ರನೆ ಹೋದರು.

ಏರಿನ ಅರ್ಧಕ್ಕೆ ಅವಳು ಇಳಿದು ಸೈಕಲ್ ತಳ್ಳಿದಳು. ಮೇಲೆ ಬಂದಾಗ ರಸ್ತೆ ಖಾಲಿ. ಎಷ್ಟು ದೂರ ಹೋದರೋ ಎಂದು ಕತ್ತು ಚಾಚಲಿಲ್ಲ. ಸೀಟಿನ ಮೇಲೆ ಕೂತು, ಇಳಿಜಾರಿಗೆ ಬಿಟ್ಟು, ಕಾಲು ನಿಲ್ಲಿಸಿದಳು. ಚಕ್ರ ತನ್ನಷ್ಟಕ್ಕೆ ಓಡುತ್ತಿತ್ತು. ಟಿಕ್ ಟಿಕ್ ಟಿಕ್ ಟಿಕ್.

ಪಕ್ಕದಲ್ಲಿ ಯಾರೂ ಇರಲಿಲ್ಲವಲ್ಲ, ಫ್ರೀವೀಲಿನ ಸದ್ದು ಪೂರ್ತಿ ಕೇಳಿಸಿತು.