ಮೂರನೆಯ ಪ್ರಕಟಣೆ

ಚರ್ಚಿನಲ್ಲಿ ಪಾಸ್ಟರ್ ಕನ್ನಡಕ ಏರಿಸಿಕೊಂಡು ಮದುವೆಯ ಪ್ರಕಟಣೆಗಳನ್ನು ಓದಿದರು. ಸುಕುಮಾರ, ಲಿಡಿಯಾ ಎಂಬ ಹೆಸರುಗಳು ಬರಲಿಲ್ಲ. ಹಿಂದಿನ ಎರಡು ಭಾನುವಾರ ಓದಿದ್ದರು. ಮೂರನೆಯ ಸಲವೂ ಓದಿ, ಯಾರದೂ ತಕರಾರಿಲ್ಲ ಎಂದಾದ ಮೇಲೆಯೇ ಮದುವೆ. ಹೆಂಗಸರ ಸಾಲಿನ ತಲೆಗಳು ಒಂದೊಂದಾಗಿ ಲಿಡಿಯಾಳತ್ತ ತಿರುಗಿದವು.

"ಸುಕುಮಾರನೇ ಬಂದು ಓದಬ್ಯಾಡ್ರಿ ಅಂದಾನವ್ವಾ," ಎಂದರು ಪಾಸ್ಟರ್, ಆರಾಧನೆ ಮುಗಿದ ಮೇಲೆ.

ಅವಳು ನೆರಿಗೆ ಎತ್ತಿ ಹಿಡಿದು ಬಿಸಿಲಲ್ಲಿ ನಡೆದಳು. ಕಮರಿಪೇಟೆ ದಾಟಿದರೂ ಸಿಟ್ಟು ಆರಲಿಲ್ಲ.

ಬಾಗಿಲು ತೆರೆದವಳು ಸುಕುಮಾರನ ಅಕ್ಕ ಸೂಸನ್. "ಬಾ ಲಿಡಿಯಾ, ಚಹಾ ಇಡ್ಲೇನು?"

"ಚಹಾ ಬ್ಯಾಡ್ರಿ ಅಕ್ಕಾ. ನಿಮ್ಮ ತಮ್ಮ ಬೇಕು."

ಸಾಲೆಯ ಮಾಸ್ತರ ಸುಕುಮಾರ ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ನೋಡಿ ನಗಲು ಹೋದ. ನಗೆ ಅರ್ಧಕ್ಕೇ ನಿಂತಿತು.

"ಮನಸ್ಸು ಬದಲಾತು ಲಿಡಿಯಾ."

"ನನ್ನ ಮಾರಿ ನೋಡಿ ಹೇಳ್ರಿ ಮಾಸ್ತರ."

ಅವನು ನೋಡಲಿಲ್ಲ. ಅವಳು ಸರಕ್ಕನೆ ಅವನ ಮಣಿಕಟ್ಟು ಹಿಡಿದಳು. ಅವನು ಎಳೆದುಕೊಂಡ, ಅವಳು ಬಿಡಲಿಲ್ಲ. ೧೯೬೭ರಲ್ಲಿ ಮುಂಬೈಯಲ್ಲಿ ಅವನ ಹೊಟ್ಟೆಯ ಚರ್ಮದಡಿ ಪೇಸ್‌ಮೇಕರ್ ಎಂಬ ಬ್ಯಾಟರಿ ಡಬ್ಬಿ ಕೂರಿಸಿ, ಅದರ ತಂತಿಯನ್ನು ಹೃದಯಕ್ಕೆ ಹಾಯಿಸಿದ್ದರು. ಮಿಶನ್ ಆಸ್ಪತ್ರೆಯ ನರ್ಸ್ ಆಗಿ ಅವನನ್ನು ಅಲ್ಲಿಗೆ ಕರೆದೊಯ್ದವಳು ಅವಳೇ. ಆ ಡಬ್ಬಿಯಿಂದಾಗಿ ಅವನ ನಾಡಿ ಯಾವಾಗಲೂ ಒಂದೇ ಲಯದಲ್ಲಿ ಬಡಿಯಬೇಕಿತ್ತು. ಈಗ ನಿಧಾನವಾಗಿತ್ತು.

"ಬ್ಯಾಟರಿ ಇಳಿಯಾಕತ್ತೈತಿ. ನಿಮಗ ಗೊತ್ತಿತ್ತು!"

"ಗೊತ್ತಿತ್ತು."

"ಮುಂಬೈಗೆ ಹೋಗಿ ಬದಲಿಸಿಕೊಂಡು ಬರಬೇಕಲ್ಲ? ಬದಲಿಗಿ ಊರ ಮುಂದ ನನ್ನ ಮರ್ಯಾದಿ ಕಳದ್ರಿ!"

"ಹೊಸಾ ಡಬ್ಬಿ ನನಗ ಬ್ಯಾಡ. ಇದು ನಿಂತ್ರ ನಾ ಉಳಿಯಂಗಿಲ್ಲ, ಅದಕ್ಕ ಮದುವಿ ಬ್ಯಾಡ ಅಂದೆ." ಅವನ ದನಿ ಇಳಿಯಿತು. "ಲಕ್ವಾ ಹೊಡೆದ ಮ್ಯಾಲೆ ನಮ್ಮವ್ವ ಹಾಸಿಗ್ಯಾಗ ಎಷ್ಟು ಒದ್ದಾಡಿದ್ಲು, ನೀ ನೋಡಿಲ್ಲ. ನಾಳೆ ನನಗೂ ಹಂಗಾದ್ರ, ಈ ಡಬ್ಬಿ ಹೃದಯ ಬಡಿಸಿಕೋತನ ಇರ್ತೈತಿ. ಜೀವ ಹೋಗಾಕ ಬಿಡಂಗಿಲ್ಲ. ನೀ ಕಾಯ್ಕೋತ ಮುದುಕಿ ಆಗ್ತಿ."

"ಯಾವ ಡಾಕ್ಟರ್ ಹೇಳಿದ್ದು?"

"ನಾನೇ ವಿಚಾರ ಮಾಡಿದೆ."

"ಸಾಲಿ ಕಲಿಸೋ ಮಂದಿ! ಸತ್ತ ಮಾಸ್ತರನ ಮುಂದ ಗಂಟಿ ಬಾರಿಸಿದ್ರ ಎದ್ದು ಪಾಠ ಹೇಳ್ತಾನೇನು? ಡಬ್ಬಿ ಬಾರಸ್ತೈತಿ, ಅಷ್ಟ. ಮೈ ಸೋತು ಹೋದ ಮ್ಯಾಲೆ ಹೃದಯ ಓಗೊಡಂಗಿಲ್ಲ."

"ಖರೇನು?"

"ನೀವು ಆಪರೇಶನ್ ಆಗಿ ಮಲಗಿದ್ದಾಗ ಆ ಡಾಕ್ಟರನ್ನ ನಾ ಕೇಳಿದ್ದೆ. ನನಗೂ ಅದ ಅಂಜಿಕಿ ಇತ್ತು."

ಸುಕುಮಾರ ಮೊದಲ ಸಲ ಅವಳ ಮುಖ ನೋಡಿದ. ಬೆವರು, ಕೆಂಪು ಕಣ್ಣು, ಮೂಗಿನ ತುದಿಯಲ್ಲಿ ನಡುಗುವ ಸಿಟ್ಟು.

"ನನ್ನ ಕಡೀ ಗಳಿಗಿ ಬಂದಾಗ?"

"ಆವಾಗ ಯಾರೂ ನಿಮ್ಮನ್ನ ಮುಂಬೈಗೆ ಎಳದೊಯ್ಯದಂಗ ಬಾಗಿಲದಾಗ ನಾ ನಿಂದರ್ತೇನಿ. ಬ್ಯಾಟರಿ ಇಳದ್ರ ಇಳೀಲಿ ಅಂತೇನಿ. ನೋವಾಗದಂಗ ನೋಡ್ಕೋತೇನಿ." ಅವಳು ಅವನ ಮಣಿಕಟ್ಟು ಬಿಟ್ಟಳು. "ಆದ್ರ ಅದು ಇವತ್ತಲ್ಲ. ಇವತ್ತು ಸಾಯ್ತೇನಿ ಅಂದ್ರ ನಾನ ಕೊಲ್ತೇನಿ."

ಅಡುಗೆಮನೆಯಲ್ಲಿ ಸೂಸನ್ ನಕ್ಕಿದ್ದು ಕೇಳಿಸಿತು.

"ಮುಂಬೈಗೆ ನೀನೂ ಬರ್ತಿಯೇನು?" ಎಂದ ಸುಕುಮಾರ. "ಮಂದಿ ಯಾವ ಸಂಬಂಧ ಅಂತ ಕೇಳಿದ್ರ?"

"ಸಿಟ್ಟಿನ ಸಂಬಂಧ ಅನ್ರಿ."

"ಈ ಸಿಟ್ಟು ಎಂದ ಇಳೀತೈತಿ?"

"ಇಳಿಯಂಗಿಲ್ಲ. ಇದಕ್ಕ ಬ್ಯಾಟರಿ ಬೇಕಾಗಿಲ್ಲ."

ಅವನು ನಕ್ಕ. "ನಿನ್ನ ಬಿಟ್ಟು ಇರಾಕ ಆಗಂಗಿಲ್ಲ, ಲಿಡಿಯಾ. ಓದಬ್ಯಾಡ್ರಿ ಅಂತ ಹೇಳಿ ಬಂದಾಗಿಂದ ಅನ್ನ ಸೇರಿಲ್ಲ."

"ಇದನ್ನ ನನಗ ಹೇಳಬ್ಯಾಡ್ರಿ. ಪಾಸ್ಟರಿಗೆ ಹೇಳ್ರಿ, ಏಳ್ರಿ!"

ಅವಳು ದಡದಡನೆ ಹೊರಟಳು. ಬೀದಿಯ ತಿರುವಿನಲ್ಲಿ ಅವನಿಗೆ ಜೋರಾಗಿ ನಡೆಯಲಾಗದೆಂಬುದು ನೆನಪಾಗಿ ನಿಂತಳು. ತಿರುಗಿ ನೋಡಲಿಲ್ಲ. ಚಪ್ಪಲಿಯ ಸಪ್ಪಳ ಪಕ್ಕಕ್ಕೆ ಬಂದ ಮೇಲೆಯೇ ಮತ್ತೆ ಹೆಜ್ಜೆ ಎತ್ತಿಟ್ಟಳು, ಈ ಸಲ ಮೆಲ್ಲಗೆ.