ಟ್ರಿಗರ್ ನಿಂತಿದ್ದಾಗ ಕೇಳಿದ ಲಾಲಿ

ಅಮೆರಿಕದ ಡುಲೂತ್ ಊರಿನ ನಮ್ಮ ಆಸ್ಪತ್ರೆಯಲ್ಲಿ ಮಗು ಹುಟ್ಟಿದ್ದು ಡೇಟಾಬೇಸ್‌ಗೆ ಸೇರಿದೊಡನೆ ಟ್ರಿಗರ್ ಎಂಬ, ತಾನಾಗಿ ಓಡುವ ಒಂದು ಪುಟ್ಟ ಪ್ರೋಗ್ರಾಂ ಎಲ್ಲ ಮಹಡಿಗಳ ಸ್ಪೀಕರ್‌ಗಳಲ್ಲೂ ಲಾಲಿ ನುಡಿಸುತ್ತದೆ. ಅಂದು ಬ್ಯಾಕಪ್‌ನಿಂದ ಹಳೆಯ ಹೆರಿಗೆಗಳ ದಾಖಲೆಗಳನ್ನೆಲ್ಲ ಡೇಟಾಬೇಸ್‌ನ ಹೊಸ ಆವೃತ್ತಿಗೆ ತುಂಬುತ್ತಿದ್ದೆವು. ಲಾಲಿ ಸಾವಿರಾರು ಬಾರಿ ಮೊಳಗದಿರಲೆಂದು ನಾನೇ ಟ್ರಿಗರ್ ನಿಲ್ಲಿಸಿದ್ದೆ.

ಕಂಪ್ಯೂಟರ್ ಕೋಣೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ವೆಂಡೆಲ್‌ನ ಮಗಳು ಮೇಲಿನ ಮಹಡಿಯಲ್ಲಿ ಹೆರಿಗೆ ನೋವಿನಲ್ಲಿದ್ದಳು. ಮಗುವಿನ ಎದೆಬಡಿತ ಕುಗ್ಗುತ್ತಿದೆಯೆಂದು ಕೇಳಿ ಅವನು ಮತ್ತೆ ಮತ್ತೆ ಫೋನ್ ನೋಡುತ್ತಿದ್ದ.

ಆಗ ಲಾಲಿ ಕೇಳಿತು. ಎಂದಿನ ಗಂಟೆಯ ದನಿಯಲ್ಲ, ಯಾರೋ ಬಾಯಿ ಮುಚ್ಚಿ ಗುನುಗಿದಂತೆ. ಕೋಣೆಯಲ್ಲಿ ಬಿಸಿ ಹಾಲಿನ ವಾಸನೆ.

"ಆಫ್ ಮಾಡೋಕೂ ಬರಲ್ವೇನಯ್ಯಾ ನಿಂಗೆ?" ಎಂದ ವೆಂಡೆಲ್.

"ಆಫೇ ಇದೆ ಕಣೋ, ನೋಡು!"

ವೆಂಡೆಲ್‌ಗೆ ಫೋನ್ ಬಂತು; ಅತ್ತಲಿನ ದನಿ ನನಗೂ ಕೇಳುತ್ತಿತ್ತು. ಹೆರಿಗೆ ವಾರ್ಡಿನ ನರ್ಸ್ ಬ್ರಿಜೆಟ್ ನಗುತ್ತಿದ್ದಳು. "ತಾತಾ, ಮೊಮ್ಮಗಳು ಬಂದ್ಳು! ಕಿವಿ ಕಿತ್ತೋಗೋ ಹಾಗೆ ಅಳ್ತಿದಾಳೆ. ಆದ್ರೆ ಲಾಲಿ ಹಾಕಿದ್ಯಾರು? ನಾನಿನ್ನೂ ಕಂಪ್ಯೂಟರ್ ಮುಟ್ಟೇ ಇಲ್ಲ."

ವೆಂಡೆಲ್ ಅಳುತ್ತ ನಗುತ್ತ ಮೆಟ್ಟಿಲು ಹತ್ತಿ ಓಡಿದ. ನಾನು ಸ್ಪೀಕರ್‌ಗಳನ್ನೂ ಆಫ್ ಮಾಡಿದೆ. ಆದರೂ ಆ ಗುನುಗು ಸಂಜೆಯವರೆಗೂ ಕೇಳುತ್ತಲೇ ಇತ್ತು.