ಬಲಗಡೆಯ ಕವಚ

"ನಿಮ್ಮ ಮೆಕ್ ಕಟ್ಟಿದವರು ಯಾರು? ಅವರಿಗೆ ನಿಮ್ಮ ಮೇಲೆ ಏನಾದರೂ ಹಗೆ ಇದೆಯಾ?"

ಅವನಿಗೆ ನಾನು ಕಳಿಸಿದ ಮೊದಲ ಮೆಸೇಜ್ ಇದು. ಗುರುತು ಪರಿಚಯವಿಲ್ಲದ ಗಂಡಸಿಗೆ ಹೀಗೆ ಬರೆಯಬಾರದು ಅನ್ನುವಷ್ಟು ಬುದ್ಧಿ ನನಗೂ ಇದೆ. ಆದರೆ ಅವನ ಆಟ ನೋಡಿ ಪಿತ್ತ ನೆತ್ತಿಗೇರಿತ್ತು. ಮೂರು ಗನ್ ಹೊತ್ತು ಬಂದ ಮೆಕ್ಕು ಎದುರಾಳಿಯ ಒಂದು ಗುಂಡೂ ತಾಗದೆ, ತನ್ನ ಬಿಸಿಗೆ ತಾನೇ ಸುಟ್ಟುಹೋಗಿತ್ತು.

"ಕಟ್ಟಿದ್ದು ನಾನೇ. ಹಗೆ ಏನಿಲ್ಲ, ಬರೀ ದಡ್ಡತನ," ಅಂತ ಉತ್ತರ ಬಂತು. ಆಟದಲ್ಲಿ ಅವನ ಹೆಸರು ಮುಂಗುಸಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಈ ಆನ್‌ಲೈನ್ ಆಟದಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕಾದಾಡಬೇಕು. ಮೆಕ್ ಅಂದರೆ ಆಟಗಾರ ಒಳಗೆ ಕೂತು ನಡೆಸುವ, ಮನೆಯೆತ್ತರದ ಉಕ್ಕಿನ ಆಳು. ಅದರ ಕಾಲು, ಇಂಜಿನ್, ಗನ್, ಕವಚ, ತಣ್ಣಗಿಡುವ ಕೂಲರ್ ಎಲ್ಲವನ್ನೂ ನಾವೇ ಆರಿಸಿ ಜೋಡಿಸಬೇಕು. ಪ್ರತಿಯೊಂದಕ್ಕೂ ಒಂದು ತೂಕ, ಒಂದು ಬೆಲೆ. ತೂಕಕ್ಕೂ ಮಿತಿ, ಆಟದ ನಾಣ್ಯಕ್ಕೂ ಮಿತಿ. ಗೆದ್ದ ಮೇಲೂ ರಿಪೇರಿಗೆ ಅಂತ ಒಂದಿಷ್ಟು ಎತ್ತಿಡದಿದ್ದರೆ ಮುಂದಿನ ಕಾಳಗಕ್ಕೆ ಕುಂಟುತ್ತ ಹೋಗಬೇಕು. ಗಂಡಸರಿಗೆ ಗನ್ ಕಂಡರೆ ಸಾಕು, ಇದೆಲ್ಲ ಮರೆತುಹೋಗುತ್ತದೆ. ನಾನಾದರೋ ಮಾವನ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಗಿರಾಕಿ ತಂದ ಬಟ್ಟೆಯಲ್ಲೇ ತೋಳು, ಕಾಲರ್, ಜೇಬು ಎಲ್ಲ ಹೊರಡಿಸಬೇಕು. ಮೆಕ್ ಕಟ್ಟುವುದೂ ನನಗೆ ಅದೇ ಕೆಲಸ.

ಅವನ ಮುಂದಿನ ಮೆಕ್ಕನ್ನು ನಾನು ಕಟ್ಟಿಕೊಟ್ಟೆ. ಗೆದ್ದ. ಅದರ ಮುಂದಿನದನ್ನೂ ಕಟ್ಟಿಕೊಟ್ಟೆ. ಒಂದು ಮಧ್ಯಾಹ್ನ ಹೀಗೆ ಬರೆದ: "ಇವತ್ತು ಆಟಕ್ಕೆ ಬರೋದು ಲೇಟು. ಒಂದು ಮುದಿ ಲಿಫ್ಟ್ ಮುನಿಸ್ಕೊಂಡು ಮಧ್ಯದಲ್ಲೇ ನಿಂತಿದೆ. ರಿಪೇರಿ ಮಾಡೋನು ನಾನೇ."

"ಅದರ ಬಾಗಿಲಲ್ಲಿ ನೀಲಿ ಪೇಂಟ್ ಕಿತ್ತೋಗಿದೆಯಾ?"

"ನಿಮಗೆ ಹೇಗೆ ಗೊತ್ತು?"

"ಬೆಳಗ್ಗೆಯಿಂದ ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಕಿತ್ತೋಗಿದೆ. ಅದಕ್ಕೇ ಗೊತ್ತು. ಮೇಲಿನ ಟೈಲರ್ ಅಂಗಡಿಯವಳು ನಾನು."

ಸ್ವಲ್ಪ ಹೊತ್ತಿಗೆ ಅಂಗಡಿಯ ಕೌಂಟರಿನ ಮುಂದೆ ಒಬ್ಬ ನಿಂತಿದ್ದ. ಮೊಣಕೈತನಕ ಗ್ರೀಸು. ನನ್ನೊಬ್ಬಳನ್ನು ಬಿಟ್ಟು ಅಂಗಡಿಯಲ್ಲಿದ್ದ ಎಲ್ಲವನ್ನೂ ನೋಡುತ್ತಿದ್ದ. "ಜೇಬು ಹರಿದಿದೆ," ಅಂತ ಅಂಗಿ ತೋರಿಸಿದ. ನಾನು ಹತ್ತಿರ ಬಗ್ಗಿ ನೋಡಿದೆ. ದಾರದ ತುದಿ ಇನ್ನೂ ಹೊಸದು.

"ಈಗ ತಾನೇ ಕಿತ್ಕೊಂಡ್ರಾ?"

"ಇಲ್ಲ ಇಲ್ಲ, ಹಳೇದು," ಅಂದ. ಕಿವಿ ಎರಡೂ ಕೆಂಪಾದವು. ನನ್ನ ಮನಸ್ಸು ಜಾರಿದ್ದು ಆಗಲೇ.

ಅಲ್ಲಿಂದ ನಾವಿಬ್ಬರೂ ಜೋಡಿ. ಆಟದಲ್ಲಿ, ಅಂತ ಸೇರಿಸಬೇಕು. ಕಾಳಗದಲ್ಲಿ ಅವನು ನುಗ್ಗುವವನು. ನನ್ನ ಮೆಕ್ಕಿಗೆ ದೊಡ್ಡ ಗುರಾಣಿ, ನಾನು ಯಾವಾಗಲೂ ಅವನ ಬಲಕ್ಕೆ. ಮಧ್ಯಾಹ್ನದ ಬಿಡುವಿನಲ್ಲಿ ಅವನು ಡಬ್ಬಿ ಹಿಡಿದು ಬಂದು ಕತ್ತರಿಸುವ ಮೇಜಿನ ಆಚೆ ಕೂರುತ್ತಿದ್ದ. ಮಧ್ಯದಲ್ಲಿ ಲ್ಯಾಪ್‌ಟಾಪು, ಸುತ್ತ ಬಟ್ಟೆಯ ಚೂರು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

"ಎಡಗೈಗೆ ಇನ್ನೊಂದು ಗನ್ ಹಾಕೋಣ ಟೈಲರಮ್ಮ."

"ಹಾಕೋಣ. ಕಾಲು ತೆಗೆದುಬಿಡ್ತೀನಿ, ತೆವಳ್ಕೊಂಡು ಹೋಗು."

"ಚಿಕ್ಕದು ಕಣೆ."

"ಎಲ್ಲರೂ ಹಾಗೇ ಹೇಳೋದು. ಹೊಟ್ಟೆ ಎಳ್ಕೊಂಡು ಅಳತೆ ಕೊಡ್ತಾರೆ, ಆಮೇಲೆ ಕೂರೋಕಾಗಲ್ಲ ಅಂತ ಪ್ಯಾಂಟ್ ವಾಪಸ್ ತರ್ತಾರೆ. ಅಲ್ಲಯ್ಯಾ, ಸ್ಕ್ರೀನ್ ಇಲ್ಲಿದೆ. ನೀನೆಲ್ಲಿ ನೋಡ್ತಿದ್ದೀಯ?"

"ಸ್ಕ್ರೀನೇ ನೋಡ್ತಿದ್ದೀನಿ," ಅಂತ ನನ್ನ ಮುಖ ನೋಡುತ್ತಲೇ ಹೇಳಿದ. ಹೊಲಿಗೆ ಯಂತ್ರದ ಹಿಂದಿನಿಂದ ಮಾವ ಕೆಮ್ಮಿದರು. ಮಾವನಿಗೆ ಕೆಮ್ಮು ಇರಲಿಲ್ಲ.

ಮಾವ ಅಂದರೆ ಅಮ್ಮನ ತಮ್ಮ. ನನ್ನನ್ನು ಸಾಕಿ ಕೆಲಸ ಕಲಿಸಿದವರು. ಈಗ ಅವರ ಕಣ್ಣು ಮಂಜು. ನೇರ ಹೊಲಿಗೆ ಹಾಕುತ್ತಾರೆ, ಕತ್ತರಿ ಮಾತ್ರ ನನ್ನ ಕೈಲಿ. ನಾನು ಒಂದು ವಾರ ಇಲ್ಲದಿದ್ದರೆ ಅಂಗಡಿಯ ಬಾಗಿಲು ಹಾಕಬೇಕು. ಇದು ಮುಂಗುಸಿಗೂ ಗೊತ್ತಿತ್ತು. ಅದಕ್ಕೇ ಆ ಸುದ್ದಿಯನ್ನು ಅವನು ನನ್ನ ಮುಖ ನೋಡದೆ ಹೇಳಿದ.

"ದೊಡ್ಡ ಟೀಮಿನೋರು ಟ್ರಯಲ್‌ಗೆ ಕರೆದಿದ್ದಾರೆ. ಆಯ್ಕೆ ಆದ್ರೆ ಸಂಬಳ, ಇರೋಕೆ ರೂಮು. ಅಲ್ಲೇ ಹೋಗಿ ಇರಬೇಕು."

"ಎಷ್ಟು ದೂರ?"

"ಒಂದು ರಾತ್ರಿ ಒಂದು ಹಗಲು ಬಸ್ಸು."

"ಮೆಕ್ ಕಟ್ಟೋರು ಬೇಡ್ವಂತಾ?" ಅಂತ ತಮಾಷೆಯಂತೆ ಕೇಳಿದೆ.

"ಅವರ ಹತ್ರಾನೇ ಇದ್ದಾರಂತೆ. ಟ್ರಯಲ್‌ಗೆ ಮಾತ್ರ ನಮ್ಮದೇ ತರಬೇಕು." ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದ. "ನಮ್ಮ ಜೊತೆಯವನು ಮೊನ್ನೆ ಲಿಫ್ಟಿನ ಗುಂಡಿಗೆ ಬಿದ್ದು ಕಾಲು ಮುರ್ಕೊಂಡಾಗಿಂದ ನಾನು ಮನೆ ಸೇರೋತನಕ ಅಮ್ಮ ಊಟ ಮಾಡಲ್ಲ. ಹೀಗೆ ಎಷ್ಟು ದಿನ? ನೀನು ಕಟ್ಟಿಕೊಡ್ತೀಯಾ?"

ಆಳದ ಗುಂಡಿಯಲ್ಲಿ ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡುವವನಿಗೆ, ನನ್ನ ಎದುರು ಕೂತು ಊಟ ಮಾಡಲಿ ಅನ್ನುವ ಒಂದೇ ಆಸೆಗೆ, ಇಲ್ಲೇ ಇರು ಅಂತ ಹೇಗೆ ಹೇಳಲಿ? "ಕಟ್ಟಿಕೊಡದೆ ಏನು," ಅಂದೆ.

ಕಟ್ಟಿದೆ. ನನ್ನ ಕೈಯಿಂದ ಬಂದ ಮೆಕ್ಕುಗಳಲ್ಲೇ ಚಂದದ್ದು. ಹಗುರ ಕಾಲು, ದೊಡ್ಡ ಇಂಜಿನ್, ಬೇಕಾದಷ್ಟು ಕೂಲರ್. ಮಿತಿಯೊಳಗೆ ಇಷ್ಟೆಲ್ಲ ಹೇಗೆ ಹಿಡಿಸಿದೆ ಅಂತ ನನಗೇ ಜಂಬ ಬಂದಿತ್ತು.

ಟ್ರಯಲ್ ಆನ್‌ಲೈನಿನಲ್ಲೇ, ಅವನು ತನ್ನ ಮನೆಯಿಂದಲೇ ಆಡಬೇಕು. ಎರಡು ಕಾಳಗ, ಎರಡು ದಿನ. ಜೋಡಿಗೆ ಅವರೇ ಯಾರನ್ನೋ ಕೊಡುತ್ತಾರೆ. ಮೊದಲ ದಿನ ನಾನು ಅಂಗಡಿಯಲ್ಲೇ ಕೂತು ಫೋನಿನಲ್ಲಿ ನೋಡಿದೆ. ಅವನು ಎಂದಿನಂತೆ ನುಗ್ಗಿದ. ಜೋಡಿಯವನು ಇನ್ನೆತ್ತಲೋ ಓಡಿಹೋದ. ಎದುರಾಳಿ ಸುತ್ತು ಹೊಡೆದು ಬಲಗಡೆಯಿಂದ ಬಂದು ಒಂದೇ ಒಂದು ಗುಂಡು ಹಾರಿಸಿದ. ನನ್ನ ಚಂದದ ಮೆಕ್ಕು ಪಕ್ಕೆ ಬಿರಿದು ಕೂತುಬಿಟ್ಟಿತು.

"ಎಡಕ್ಕೆ ಇಷ್ಟು ಕವಚ, ಬಲಕ್ಕೆ ಏನೂ ಇಲ್ಲ! ಇದನ್ನ ಕಟ್ಟಿದ ಪುಣ್ಯಾತ್ಮರು ಯಾರಪ್ಪಾ?" ಅಂತ ಕಾಮೆಂಟ್ರಿಯವನು ನಕ್ಕ.

ತೂಕ ಎಲ್ಲಿಂದ ಉಳಿದಿತ್ತು ಅಂತ ಆಗ ಹೊಳೆಯಿತು. ಅವನಿಗೆ ಕಟ್ಟಿದ ಎಲ್ಲ ಮೆಕ್ಕುಗಳಲ್ಲೂ ನಾನು ಬಲಗಡೆಯ ಕವಚ ಕಡಿಮೆ ಮಾಡಿಯೇ ಬೇರೆಲ್ಲ ಹಿಡಿಸುತ್ತಿದ್ದೆ. ಕೈ ತನ್ನ ಪಾಡಿಗೆ ಅದನ್ನೇ ಮಾಡಿತ್ತು.

ಅವನು ಸೀದಾ ಅಂಗಡಿಗೆ ಬಂದ. ಲಿಫ್ಟಿನಲ್ಲಲ್ಲ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ.

"ಬೇಕಂತಲೇ ಮಾಡಿದ್ಯಾ?"

ನಾನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ.

"ನಾನು ಹೋಗೋದು ಇಷ್ಟ ಇಲ್ದಿದ್ರೆ ಬಾಯಿ ಬಿಟ್ಟು ಹೇಳಬಹುದಿತ್ತು. ಊರೆಲ್ಲಾ ನಗೋ ಹಾಗೆ ಮಾಡಬೇಕಿತ್ತಾ?"

"ಬೇಕಂತ ಮಾಡಿಲ್ಲ ಕಣೋ." ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ. "ಅಲ್ಲಿ ಕವಚ ಯಾಕೆ ಹಾಕಲಿ? ಅಲ್ಲಿ ನಾನಿರ್ತೀನಲ್ಲ! ನೀನು ಒಬ್ಬನೇ ಇರ್ತೀಯ ಅಂತ ನನಗೆ ಹೊಳೀಲೇ ಇಲ್ಲ. ಲೆಕ್ಕ ಹಾಕೋವಾಗೆಲ್ಲ ನನ್ನನ್ನೂ ಸೇರಿಸ್ಕೊಂಡೇ ಹಾಕ್ತೀನಿ. ಏನ್ ಮಾಡ್ಲಿ? ನನಗೆ ಬೇರೆ ಥರ ಬರಲ್ಲ."

ಹೇಳಬಾರದೆಂದುಕೊಂಡದ್ದೆಲ್ಲ ಹೊರಗೆ ಬಿದ್ದಿತ್ತು. ಮಾವನ ಯಂತ್ರವೂ ನಿಂತಿತ್ತು.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ಆಡೋಕೆ ಮುಂಚೆ ಮೆಕ್ ಪೂರ್ತಿ ನೋಡಿದ್ದೆ," ಅಂದ. "ಬಲಗಡೆ ಬರೀ ತಗಡು ಅಂತ ನನಗೂ ಕಾಣಬೇಕಿತ್ತು. ಕಾಣ್ಲಿಲ್ಲ. ಆ ಕಡೆ ಹೆದರೋದೇ ಮರೆತುಹೋಗಿದೆ ನನಗೆ."

ನಾವು ಒಬ್ಬರನ್ನೊಬ್ಬರು ನೋಡಿದೆವು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಪ್ರೀತಿಯ ಮಾತು ಆಡಿಯೂ ಆಗಿತ್ತು, ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ನಾಳೆ ಇನ್ನೊಂದು ಕಾಳಗ ಬಾಕಿ ಇತ್ತು.

"ಸೋತರೂ ಪರವಾಗಿಲ್ಲ ನನಗೆ," ಅಂದ ಮೆತ್ತಗೆ.

"ನಿನ್ನ ಅಮ್ಮನಿಗೆ?"

ನಾನು ಲ್ಯಾಪ್‌ಟಾಪ್ ತೆರೆದೆ.

ಬಲಗಡೆಗೆ ಕವಚ ಬೇಕು ಅಂದರೆ ತೂಕ ಎಲ್ಲಿಂದಲಾದರೂ ಬರಬೇಕು. ಇಂಜಿನ್ ಒಂದು ಸೈಜು ಇಳಿಸಿದೆ. ಎಡಗೈಯ ಗನ್ ತೆಗೆದೆ, ಅವನು ತುಟಿಪಿಟಿಕ್ಕೆನ್ನಲಿಲ್ಲ. ರಿಪೇರಿಗೆ ಎತ್ತಿಟ್ಟ ನಾಣ್ಯವನ್ನೂ ಸುರಿದೆ, ನಾಳೆಯ ನಂತರ ಈ ಮೆಕ್ಕಿಗೆ ನಮ್ಮಲ್ಲಿ ಕಾಳಗವಿರಲಿಲ್ಲ. ಒಂದೊಂದು ಹಲಗೆ ಸೇರಿಸಿದಾಗಲೂ ನನ್ನನ್ನು ನಾನೇ ಹೊರಗೆ ದಬ್ಬಿದಂತಾಗುತ್ತಿತ್ತು. ಕೊನೆಗೆ ನಾನಿಲ್ಲದೆಯೂ ನಿಲ್ಲುವ ಮೆಕ್ಕು ಸಿದ್ಧವಾಯಿತು. ನೋಡಲು ಚಂದವಿರಲಿಲ್ಲ.

ಮರುದಿನ ಗೆದ್ದ. ಹೀನಾಯವಾಗಿ ಸೋಲಲಿ ಅಂತ ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು, ಗೆದ್ದಾಗ ಕುರ್ಚಿಯಿಂದ ಹಾರಿ ಕೂಗಿದವಳೂ ನಾನೇ. ಆಮೇಲೆ ಅಂಗಡಿಯ ಟ್ರಯಲ್ ರೂಮಿಗೆ ಹೋಗಿ ಕದ ಹಾಕಿಕೊಂಡೆ. ಹೊರಗೆ ಗಿರಾಕಿಯೊಬ್ಬರು ಪ್ಯಾಂಟ್ ಹಾಕಿ ನೋಡಬೇಕು ಅಂತ ಕಾಯುತ್ತಿದ್ದರು. ಮಾವ ಅವರನ್ನು ಏನೋ ಹೇಳಿ ಕಳಿಸಿದರು.

ಅವನನ್ನು ಟೀಮಿಗೆ ಆರಿಸಿದರು. ಹೊರಡುವ ದಿನ ಬ್ಯಾಗ್ ಸಮೇತ ಬಂದ. ಮಾವ ಟೀ ಕುಡಿದು ಬರುತ್ತೇನೆ ಅಂತ ಎದ್ದರು. ಮುಂದಿದ್ದ ಟೀ ಇನ್ನೂ ಹೊಗೆಯಾಡುತ್ತಿತ್ತು.

"ಹೋಗ್ಬೇಡ ಅಂತ ಒಂದೇ ಒಂದು ಸಲ ಹೇಳು," ಅಂದ ಅವನು.

"ಹೇಳಿದ್ರೆ ನಿಂತುಬಿಡ್ತೀಯ. ಅದಕ್ಕೇ ಹೇಳಲ್ಲ."

"ಹಾಗಾದ್ರೆ ಜೊತೆಗೆ ಬಾ."

"ಮಾವನ್ನ ಯಾರ ಕೈಲಿ ಬಿಡ್ಲಿ?"

ಅವನು ಮೇಜಿನ ಮೇಲಿದ್ದ ನನ್ನ ಕೈಯನ್ನು ಮೊದಲ ಸಲ ಹಿಡಿದುಕೊಂಡ. ಎಷ್ಟು ಉಜ್ಜಿದರೂ ಹೋಗದ ಗ್ರೀಸು ಅವನ ಉಗುರಿನ ಸಂದಿಯಲ್ಲಿತ್ತು. ಆ ಕೈಯನ್ನು ಬಿಡಬಾರದು ಅನ್ನಿಸಿತು, ಆದರೂ ನಾನೇ ಮೊದಲು ಬಿಟ್ಟೆ.

"ಬಸ್ಸಿಗೆ ಲೇಟಾಗುತ್ತೆ," ಅಂದೆ.

ಅವನು ಹೋದ. ನಾನು ಕತ್ತರಿ ತೆಗೆದುಕೊಂಡು ಒಂದು ಒಳ್ಳೆಯ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದೆ. "ಹೋಗ್ಬೇಡ ಕಣೋ," ಅಂತ ಖಾಲಿ ಅಂಗಡಿಗೆ ಹೇಳಿದೆ.

"ಯಾರಿಗಮ್ಮ ಹೇಳ್ತಿದ್ದೀಯ?" ಮಾವ ಬಾಗಿಲಲ್ಲಿ ನಿಂತಿದ್ದರು.

"ಯಾರಿಗೂ ಇಲ್ಲ ಮಾವ."

"ಆ ಹುಡುಗ ಕೆಳಗೆ ಮೆಟ್ಟಿಲ ಮೇಲೆ ಕೂತ್ಕೊಂಡು ಅಳ್ತಿದ್ದಾನೆ. ನನಗೇ ಕಾಣ್ತು ಅಂದ್ರೆ ಲೆಕ್ಕ ಹಾಕು, ಎಷ್ಟು ಅಳ್ತಿರಬೇಡ. ಹೋಗಿ ಸಮಾಧಾನ ಮಾಡಿ ಬಸ್ ಹತ್ತಿಸಿ ಬಾ."

ಕಣ್ಣೊರೆಸಿಕೊಂಡು ಗಟ್ಟಿ ಮುಖ ಮಾಡಿಕೊಂಡು ಇಳಿದೆ. ನಾಲ್ಕು ಬುದ್ಧಿಮಾತು ಹೇಳಬೇಕು, ನಗಿಸಬೇಕು, ಭುಜ ತಟ್ಟಿ ಕಳಿಸಬೇಕು ಅಂತೆಲ್ಲ ಮೆಟ್ಟಿಲುದ್ದಕ್ಕೂ ಯೋಚಿಸಿಕೊಂಡೇ ಹೋದೆ. ಅವನು ಬ್ಯಾಗಿನ ಮೇಲೆ ತಲೆಯಿಟ್ಟು ಕೂತಿದ್ದ. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿ, ನನ್ನನ್ನು ನೋಡಿ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಕಳಿಸಲು ಹೋದವಳು ನಾನೂ ಪಕ್ಕದಲ್ಲಿ ಕೂತು ಅತ್ತೆ.